ರಿವ್ಯೂನಲ್ಲಿ ಹೊಗಳಿದ ಇಯರ್‌ಫೋನ್ ನನ್ನ ಕಿವಿಗೆ ಯಾಕೆ ಸಪ್ಪೆ?

ಪ್ರಶ್ನೆ: ಕಿವಿಯೊಳಗೆ ಕೂರುವ ಇಯರ್‌ಫೋನ್ ಯಾವುದು ತಗೊಂಡರೂ ಇದೇ ಕತೆ. ರಿವ್ಯೂನಲ್ಲಿ ಎಲ್ಲರೂ ಬೇಸ್ ಸೂಪರ್ ಅಂತಾರೆ, ನನಗೆ ಬೇಸೇ ಕೇಳಿಸೋಲ್ಲ. ಅರ್ಧ ಗಂಟೆಗೆ ಕಿವಿ ನೋಯುತ್ತೆ. ವರ್ಷ ತುಂಬೋದರೊಳಗೆ ಒಂದು ಕಡೆ ಬಂದ್. ಕೊಳ್ಳುವಾಗ ಏನು ನೋಡಬೇಕು? ಜಾಸ್ತಿ ದುಡ್ಡು ಹಾಕಿದರೆ ಸರಿ ಹೋಗುತ್ತಾ?

ಉತ್ತರ: ನಿಮ್ಮ ಮೊದಲ ಎರಡು ದೂರಿಗೆ ಕಾರಣ ಬಹಳ ಸಲ ಒಂದೇ ಆಗಿರುತ್ತದೆ. ತುದಿಯಲ್ಲಿರುವ ರಬ್ಬರ್. ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ಟಿಪ್ ಕೊಟ್ಟಿರುತ್ತಾರೆ. ಮಧ್ಯಮದ್ದು ಮೊದಲೇ ಹಾಕಿ ಬಂದಿರುತ್ತದೆ. ಮಿಕ್ಕ ಎರಡು ಜೊತೆಯನ್ನು ಹೆಚ್ಚಿನವರು ಕೈಯಲ್ಲೂ ಮುಟ್ಟುವುದಿಲ್ಲ, ಡಬ್ಬಿಯ ಜೊತೆ ಅವೂ ಅಟ್ಟ ಸೇರುತ್ತವೆ. ಹೊಸ ಇಯರ್‌ಫೋನ್ ಹುಡುಕುವ ಮೊದಲು ಆ ಡಬ್ಬಿ ಕೆಳಗಿಳಿಸಿ ನೋಡಿ.

ರಬ್ಬರಿಗೆ ಯಾಕೆ ಇಷ್ಟು ಬೆಲೆ? ಈ ಇಯರ್‌ಫೋನಿನೊಳಗಿನ ಸ್ಪೀಕರ್ ತೀರಾ ಚಿಕ್ಕದು. ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಅಗಲ. ಮನೆಯ ಸ್ಪೀಕರಿನ ಹಾಗೆ ಕೋಣೆಯ ಗಾಳಿಯನ್ನೆಲ್ಲ ಅಲುಗಿಸುವ ಶಕ್ತಿ ಅದಕ್ಕಿಲ್ಲ. ಆದರೆ ರಬ್ಬರಿಗೂ ಕಿವಿಯ ತಮಟೆಗೂ ನಡುವೆ ಸಿಕ್ಕಿಬಿದ್ದಿರುವ ಚೂರು ಗಾಳಿಯನ್ನು ಒತ್ತುವುದು ಅದಕ್ಕೆ ಸುಲಭ. ಆ ಜಾಗ ಬಿಗಿಯಾಗಿ ಮುಚ್ಚಿದ್ದರೆ ಬೇಸ್ ತುಂಬಿಕೊಂಡು ಬರುತ್ತದೆ. ಕೂದಲೆಳೆಯಷ್ಟು ಸಂದಿಯಿದ್ದರೂ ಒತ್ತಡ ಸೋರುತ್ತದೆ, ಮೊದಲು ಹೋಗುವುದೇ ಬೇಸ್. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿಗೆ ಎಷ್ಟು ಉರಿ ಕೊಟ್ಟರೂ ಸೀಟಿ ಬರೋಲ್ಲ ಅಲ್ವಾ, ಇದೂ ಹಾಗೇ. ವಾಲ್ಯೂಮ್ ಏರಿಸಿದರೆ ಕೀಚಲು ಜಾಸ್ತಿಯಾಗುತ್ತದೆ, ಬೇಸ್ ಬರುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ಬೇಸ್ ಇರುವ ಹಾಡು ಹಾಕಿ, ಎರಡೂ ಕಡೆ ಇಯರ್‌ಫೋನನ್ನು ಬೆರಳಿನಿಂದ ಹಗುರವಾಗಿ ಒಳಗೆ ಒತ್ತಿ. ಒತ್ತಿದ ಕೂಡಲೇ ಬೇಸ್ ಉಬ್ಬಿ ಬಂದರೆ ಇಷ್ಟು ದಿನ ಸೋರುತ್ತಿತ್ತು ಅಂತಲೇ ಅರ್ಥ. ಇನ್ನೊಂದು: ಏನಾದರೂ ತಿನ್ನುವ ಹಾಗೆ ದವಡೆ ಆಡಿಸಿ. ಸೌಂಡ್ ಬಂದು ಹೋಗಿ ಮಾಡಿದರೆ ಟಿಪ್ ಒಂದು ಸೈಜ್ ಚಿಕ್ಕದಾಗಿದೆ. ಎಡಗಿವಿ ಬಲಗಿವಿ ಒಂದೇ ಅಳತೆ ಇರಬೇಕು ಅಂತೇನಿಲ್ಲ. ಒಂದಕ್ಕೆ ಮಧ್ಯಮ, ಇನ್ನೊಂದಕ್ಕೆ ದೊಡ್ಡದು ಹಾಕಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಹಾಕಿಕೊಳ್ಳುವುದಕ್ಕೂ ಒಂದು ರೀತಿ ಇದೆ. ಕಿವಿಯ ಕಾಲುವೆ ನೇರ ಕೊಳವೆಯಲ್ಲ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ನಡುವೆ ಬಾಗಿರುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಾಲುವೆ ನೆಟ್ಟಗಾಗುತ್ತದೆ. ಇಯರ್‌ಫೋನನ್ನು ಮೆಲ್ಲಗೆ ತಿರುಗಿಸುತ್ತ ಒಳಗೆ ಕೂರಿಸಿ ಕಿವಿ ಬಿಡಿ. ಹೊರಗಿನ ಫ್ಯಾನ್ ಸದ್ದು ತಟ್ಟನೆ ತಗ್ಗಿದರೆ ಸರಿಯಾಗಿ ಕೂತಿದೆ. ರಬ್ಬರ್ ಯಾವ ಸೈಜೂ ಒಗ್ಗದವರಿಗೆ ಫೋಮ್ ಟಿಪ್ ಸಿಗುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಗೆ ಹಾಕಿ, ಅದು ಉಬ್ಬುವ ತನಕ ಅರ್ಧ ನಿಮಿಷ ಹಿಡಿದುಕೊಂಡಿರಬೇಕು. ಮೆತ್ತಗಿರುತ್ತದೆ, ಚೆನ್ನಾಗಿ ಮುಚ್ಚುತ್ತದೆ. ಆದರೆ ಬೇಗ ಸವೆಯುತ್ತದೆ, ಸೌಂಡಿನ ಚುರುಕನ್ನು ಸ್ವಲ್ಪ ಮೊಂಡು ಮಾಡುತ್ತದೆ. ಶ್ರವಣ ವಿಜ್ಞಾನದ ಕಡೆಯಿಂದ ಬಂದ ಮೀಡ್ ಕಿಲಿಯನ್ ಅವರ ಎಟಿಮೋಟಿಕ್ ರಿಸರ್ಚ್ ಕಂಪನಿ 1991ರಲ್ಲಿ ಇಆರ್-4 ಅನ್ನುವ ಇಯರ್‌ಫೋನ್ ತಂದಿತು. ಆ ಕಂಪನಿಯ ಗುರುತೇ ಕಿವಿಯ ಆಳಕ್ಕೆ ಹೋಗಿ ಕೂರುವ ಮೂರು ಸುತ್ತಿನ ಟಿಪ್. ಕಿವಿಯ ಕೆಲಸ ಗೊತ್ತಿದ್ದವರು ಆಗಲೇ ಟಿಪ್‌ಗೆ ಅಷ್ಟು ಗಮನ ಕೊಟ್ಟಿದ್ದರು.

ಇಷ್ಟಾದ ಮೇಲೆಯೇ ಸೌಂಡಿನ ಮಾತು. ಡಬ್ಬಿಯ ಮೇಲಿರುವ ಅಂಕಿಗಳನ್ನು ನಂಬಿ ಏನೂ ತೀರ್ಮಾನಿಸಬೇಡಿ. 20ರಿಂದ 20,000 ಹರ್ಟ್ಜ್ ಅಂತ 300 ರೂಪಾಯಿಯದರ ಮೇಲೂ ಬರೆದಿರುತ್ತಾರೆ, 30,000 ರೂಪಾಯಿಯದರ ಮೇಲೂ ಬರೆದಿರುತ್ತಾರೆ. ಅದು ಮನುಷ್ಯರ ಕಿವಿಗೆ ಕೇಳಿಸುವ ವ್ಯಾಪ್ತಿ, ಅಷ್ಟೇ. ಆ ವ್ಯಾಪ್ತಿಯಲ್ಲಿ ಯಾವ ಸ್ವರ ಎಷ್ಟು ಜೋರು, ಎಷ್ಟು ಮೆಲ್ಲಗೆ ಅನ್ನುವುದೇ ಮುಖ್ಯ. ಅದನ್ನು ಟ್ಯೂನಿಂಗ್ ಅನ್ನುತ್ತಾರೆ. ಅದು ಡಬ್ಬಿಯ ಮೇಲೆ ಇರುವುದಿಲ್ಲ. ಸ್ಪೀಕರ್ ಎಷ್ಟು ಮಿಲಿಮೀಟರ್ ಅನ್ನುವುದರಿಂದಲೂ ಅದು ತಿಳಿಯುವುದಿಲ್ಲ.

ರಿವ್ಯೂಗಳಲ್ಲಿ ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಗ್ರಾಫ್ ಹಾಕಿರುತ್ತಾರೆ, ಅದರ ಮೇಲೆ ಹಾರ್ಮನ್ ಟಾರ್ಗೆಟ್ ಅನ್ನುವ ಗೆರೆ ನೋಡಿರುತ್ತೀರಿ. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಬೇರೆ ಬೇರೆ ಜನರಿಗೆ ಸಂಗೀತ ಕೇಳಿಸಿ, ಹೆಚ್ಚಿನವರಿಗೆ ಯಾವ ಹದ ಹಿಡಿಸುತ್ತದೆ ಅಂತ ನೋಡಿ ಎಳೆದ ಗೆರೆ ಅದು. ಒಳ್ಳೆಯ ದಿಕ್ಸೂಚಿ. ಕೆಲವರಿಗೆ ಅದಕ್ಕಿಂತ ಬೇಸ್ ಜಾಸ್ತಿ ಬೇಕು, ಕೆಲವರಿಗೆ ಕಡಿಮೆ ಸಾಕು. ಒಂದು ಮಾತು ನೆನಪಿಡಿ. ಆ ಗ್ರಾಫುಗಳನ್ನು ಅಳೆಯುವುದು ಕೃತಕ ಕಿವಿಯಲ್ಲಿ, ಟಿಪ್ ಬಿಗಿಯಾಗಿ ಕೂರಿಸಿ. ನಿಮ್ಮ ಕಿವಿಯಲ್ಲಿ ಸೋರುತ್ತಿದ್ದರೆ ಗ್ರಾಫಿನ ಬೇಸ್ ನಿಮಗೆ ಬರುವುದಿಲ್ಲ. ರಿವ್ಯೂ ಮಾಡಿದವರು ಹೇಳಿದ್ದೂ ನಿಜ, ನಿಮಗೆ ಕೇಳಿಸಿದ್ದೂ ನಿಜ.

ಎರಡು ಇಯರ್‌ಫೋನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದು ಚೂರು ಜೋರಾಗಿರುವುದು ಕಿವಿಗೆ ಯಾವಾಗಲೂ 'ಕ್ಲಿಯರ್' ಅನಿಸುತ್ತದೆ. ಹಾಡುಗಾರರ ದನಿ ಎರಡರಲ್ಲೂ ಒಂದೇ ಎತ್ತರಕ್ಕೆ ಬರುವ ತನಕ ಜೋರಾಗಿರುವುದನ್ನು ತಗ್ಗಿಸಿ, ಆಮೇಲೆ ತೀರ್ಪು ಕೊಡಿ. ಡೆಮೊಗೆ ಅಂತಲೇ ಮಾಡಿದ ಢಂ ಢಂ ಟ್ರ್ಯಾಕ್ ಬೇಡ. ನಿಮಗೆ ಬಾಯಿಪಾಠವಾಗಿರುವ ಸಂಗೀತವೇ ಆಗಬೇಕು. ನಮ್ಮ ಸಂಗೀತದಲ್ಲೇ ಇದಕ್ಕೆ ಒಳ್ಳೆಯ ಸಾಮಗ್ರಿ ಇದೆ.

ಒಂದು ಸಂಗೀತ ಕಚೇರಿಯ ರೆಕಾರ್ಡಿಂಗ್ ತಗೊಳ್ಳಿ. ಮೊದಲು ತಂಬೂರಿ ಕೇಳಿ. ತಂತಿಯ ಕೆಳಗೆ ಇಡುವ ಜೀವಾಳದ ದಾರ ಸರಿಯಾಗಿ ಕೂತ ತಂಬೂರಿಯಲ್ಲಿ ತಂತಿ ಮೀಟಿದ ಮೇಲೆ ಒಂದು ಝೇಂಕಾರ ಎದ್ದು, ಹರಡಿ, ಮೆಲ್ಲಗೆ ಇಳಿಯುತ್ತದೆ. ಒಳ್ಳೆಯ ಇಯರ್‌ಫೋನಿನಲ್ಲಿ ಅದು ಇಳಿಯುವುದನ್ನು ಕೊನೆಯ ತನಕ ಹಿಂಬಾಲಿಸಬಹುದು. ಕೆಟ್ಟದರಲ್ಲಿ ಅದು ಬರೀ 'ಸುಯ್' ಅನ್ನುವ ಹಿನ್ನೆಲೆ ಸದ್ದಾಗುತ್ತದೆ. ಆಮೇಲೆ ಮೃದಂಗ. ಎಡಗೈಯ ಗುಮ್ಕಿ ಹಿಡಿಯಿರಿ. ಅಂಗೈ ಜಾರಿದಾಗ ಸ್ವರ ಬಾಗಿ ಮೇಲೇರುವುದು ಕೇಳಿಸಬೇಕು. ಬರೀ 'ದುಬ್ ದುಬ್' ಅಂತ ಗುದ್ದು ಮಾತ್ರ ಬಂದರೆ ಅದು ಬೇಸ್ ಜಾಸ್ತಿ, ಗುಣ ಕಡಿಮೆ. ಅದೇ ಹೊತ್ತಿಗೆ ಬಲಗೈಯ ಚಾಪು ಚುರುಕಾಗಿ, ಒಣಗಿದ ಸದ್ದಾಗಿ ಬರಬೇಕು. ಇವೆರಡರ ನಡುವೆ ಹಾಡುಗಾರರ ದನಿ ಹಿಂದೆ ಸರಿಯಬಾರದು.

ಕೀಚಲು ಪರೀಕ್ಷೆಗೆ ತೆಂಕುತಿಟ್ಟಿನ ಯಕ್ಷಗಾನದ ರೆಕಾರ್ಡಿಂಗಿಗಿಂತ ಕಠಿಣವಾದದ್ದು ನನಗೆ ಸಿಕ್ಕಿಲ್ಲ. ಚೆಂಡೆ, ಮದ್ದಳೆ, ಚಕ್ರತಾಳ ಒಟ್ಟಿಗೆ ಏರಿದಾಗ ಭಾಗವತರ ಮಾತು ಬಿಡಿಬಿಡಿಯಾಗಿ ತಿಳಿಯುತ್ತಿದೆಯೇ? ಚೆಂಡೆಯ ಪೆಟ್ಟು ಸಾಧಾರಣ ವಾಲ್ಯೂಮಿನಲ್ಲೇ ಕಿವಿಗೆ ಚುಚ್ಚುತ್ತಿದ್ದರೆ ಆ ಇಯರ್‌ಫೋನ್ ನಿಮಗೆ ದಿನವಿಡೀ ಆಗಿಬರುವುದಿಲ್ಲ. ಕೊನೆಗೆ ಒಂದು ವಾರ್ತೆ ಹಾಕಿ. ಓದುವವರ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದರೆ ಎಡಬಲ ಸಮ ಇಲ್ಲ, ಇಲ್ಲವೇ ಒಂದು ಟಿಪ್ ಸರಿ ಕೂತಿಲ್ಲ. ಸ, ಶ, ಚ ಬಂದಾಗ 'ಸ್ಸ್' ಅಂತ ಹೊಡೆಯಬಾರದು.

ಎರಡು ನಿಮಿಷಕ್ಕೆ ಮರುಳು ಮಾಡುವ ಸೌಂಡ್ ಎರಡು ಗಂಟೆಗೆ ಸುಸ್ತು ಮಾಡುವುದು ತುಂಬಾ ಸಾಮಾನ್ಯ. ಹಾಗಾಗಿ ವಾಪಸ್ ಕೊಡುವ ಅವಕಾಶ ಇರುವ ಕಡೆಯೇ ಕೊಳ್ಳಿ. ಆ ದಿನಗಳಲ್ಲಿ ಅದನ್ನು ನಿಜಕ್ಕೂ ಬಳಸಿ. 'ನೂರು ಗಂಟೆ ಓಡಿಸಿದರೆ ಸರಿ ಹೋಗುತ್ತೆ' ಅನ್ನುವ ಮಾತಿಗೆ ಕಾಯುತ್ತ ಕೂರಬೇಡಿ. ಅಷ್ಟರಲ್ಲಿ ಒಗ್ಗಿಕೊಳ್ಳುವುದು ಬಹುಪಾಲು ನಿಮ್ಮ ಕಿವಿ.

ದುಡ್ಡಿನ ಮಾತು ಇಲ್ಲೇ ಮುಗಿಸಿಬಿಡೋಣ. ವೈರ್ ಇರುವ ಇಯರ್‌ಫೋನಿನಲ್ಲಿ ಎರಡು ಸಾವಿರದ ಆಸುಪಾಸಿನಲ್ಲಿ ಈಗ ಒಳ್ಳೆಯ ಹದದ ಸೌಂಡ್ ಸಿಗುತ್ತದೆ. ಅದರಿಂದ ಮೇಲೆ ಹೋದ ಹಾಗೆ ಸುಧಾರಣೆ ಸಣ್ಣದಾಗುತ್ತ ಹೋಗುತ್ತದೆ. ವೈರ್‌ಲೆಸ್‌ನಲ್ಲಿ ನೀವು ಕೊಡುವ ದುಡ್ಡಿನಲ್ಲಿ ಬ್ಯಾಟರಿ, ಚಿಪ್, ಮೈಕ್, ಕೇಸ್ ಎಲ್ಲಕ್ಕೂ ಪಾಲಿದೆ. ಅದೇ ಬೆಲೆಗೆ ಸೌಂಡ್ ಒಂದನ್ನೇ ನೋಡಿದರೆ ವೈರ್ ಇರುವುದೇ ಮೇಲು. ಟಿಪ್ ಸರಿ ಇಲ್ಲದಿದ್ದರೆ ಎಷ್ಟು ಸಾವಿರದ್ದಾದರೂ ಸಪ್ಪೆಯೇ.

ಟಿಪ್ ಸರಿ ಕೂತರೆ ಇನ್ನೊಂದು ದೊಡ್ಡ ಲಾಭ ಇದೆ, ಮತ್ತು ನನಗೆ ಇದು ಎಲ್ಲಕ್ಕಿಂತ ಮುಖ್ಯ. ಬಸ್ಸಿನಲ್ಲಿ ಇಂಜಿನಿನ ಗುಡುಗು ಹಾಡಿನ ಬೇಸನ್ನು ಮುಚ್ಚಿಹಾಕುತ್ತದೆ. ನಾವು ಗೊತ್ತಿಲ್ಲದೆಯೇ ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್‌ಗೆ ಹೋದರೆ ವಾರಕ್ಕೆ ಬರೀ 4 ಗಂಟೆ. ಹತ್ತು ಡೆಸಿಬಲ್‌ಗೆ ಇಷ್ಟು ವ್ಯತ್ಯಾಸ! ಕೇಳುವ ಶಕ್ತಿ ಹೀಗೆ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ಟಿಪ್ ಚೆನ್ನಾಗಿ ಮುಚ್ಚಿದರೆ ಕಂಡಕ್ಟರ್ ಕೂಗು, ಹಾರನ್ನಿನಂಥ ಚುರುಕು ಸದ್ದು ತಾನಾಗಿ ತಗ್ಗುತ್ತದೆ. ಇಂಜಿನಿನ ಗುಡುಗಿಗೆ ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು ಎದುರು ಸದ್ದಿನಿಂದ ಅಳಿಸುವ ಸೌಲಭ್ಯ, ಚೆನ್ನಾಗಿ ಕೆಲಸ ಮಾಡುತ್ತದೆ. ದಿನಾ ಬಸ್ಸು ರೈಲಿನಲ್ಲಿ ಓಡಾಡುವವರು ಅದಕ್ಕೆ ದುಡ್ಡು ಕೊಟ್ಟರೆ ದಂಡ ಅಲ್ಲ. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಮಾತ್ರ ಎರಡೂ ತೆಗೆದಿಡಿ.

ಈಗ ನೋವು. ಎಲ್ಲಿ ನೋಯುತ್ತದೆ ಅಂತ ಬೆರಳಿಟ್ಟು ನೋಡಿ. ಕಾಲುವೆಯ ಒಳಗೆ ನೋಯುತ್ತಿದ್ದರೆ ಟಿಪ್ ದೊಡ್ಡದಾಗಿದೆ ಅಥವಾ ಗಡುಸಾಗಿದೆ, ಬದಲಿಸಿದರೆ ಸರಿ ಹೋಗುತ್ತದೆ. ಹೊರಗಿನ ಬಟ್ಟಲಿನಂಥ ಜಾಗದಲ್ಲಿ ನೋಯುತ್ತಿದ್ದರೆ ಇಯರ್‌ಫೋನಿನ ಮೈಯೇ ನಿಮ್ಮ ಕಿವಿಗೆ ದೊಡ್ಡದು. ಅದಕ್ಕೆ ಯಾವ ಟಿಪ್ಪೂ ಮದ್ದಲ್ಲ, ವಾಪಸ್ ಕೊಡಿ. ಹತ್ತು ನಿಮಿಷದಲ್ಲಿ ಇದು ಗೊತ್ತಾಗುವುದಿಲ್ಲ, ಒಂದು ಗಂಟೆಯಾದರೂ ಹಾಕಿಕೊಂಡಿರಬೇಕು. ನಡೆಯುವಾಗ ವೈರ್ ಅಂಗಿಗೆ ಉಜ್ಜಿ 'ಗರ ಗರ' ಸದ್ದು ಬರುತ್ತಿದ್ದರೆ ವೈರನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಸುತ್ತಿ ಇಳಿಬಿಡಿ. ಬಹಳಷ್ಟು ಕಡಿಮೆಯಾಗುತ್ತದೆ. ಸ್ನಾನ ಮಾಡಿ ಬಂದು ಕಿವಿ ಒದ್ದೆಯಿರುವಾಗ ಹಾಕಿಕೊಳ್ಳಬೇಡಿ. ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ ತೇವ ಒಳಗೇ ನಿಂತು ತುರಿಕೆ, ಬೂಷ್ಟು ಶುರುವಾಗುವುದಕ್ಕೆ ಅದೇ ಸಾಕು.

ಬಾಳಿಕೆಯಲ್ಲಿ ಮೊದಲು ಸಾಯುವುದು ಸ್ಪೀಕರ್ ಅಲ್ಲ, ವೈರ್. ಅದರಲ್ಲೂ ಫೋನಿಗೆ ಚುಚ್ಚುವ ಪಿನ್‌ಗೆ ಸೇರುವ ಜಾಗ. ಅಲ್ಲಿ ಬಾಗಿ ಬಾಗಿ ಒಳಗಿನ ತಾಮ್ರದ ಎಳೆ ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೊಳ್ಳುವಾಗ ಆ ಕುತ್ತಿಗೆಯನ್ನು ಬಗ್ಗಿಸಿ ನೋಡಿ. ಮೆತ್ತಗಿನ ಉದ್ದ ರಬ್ಬರ್ ಕೊಳವೆ ಇದ್ದರೆ ಒಳ್ಳೆಯದು. ಜೇಬಿನಲ್ಲಿ ಫೋನ್ ಇಡುವವರಿಗೆ ಎಲ್ ಆಕಾರದ ಪಿನ್ ಮೇಲು. ವೈರ್ ಹಿಡಿದು ಎಳೆಯದೆ ಪಿನ್ ಹಿಡಿದು ತೆಗೆಯಿರಿ. ಫೋನಿಗೆ ಬಿಗಿಯಾಗಿ ಸುತ್ತಬೇಡಿ.

ಇದಕ್ಕಿಂತ ಒಳ್ಳೆಯ ದಾರಿ ಬಿಚ್ಚಿ ಬದಲಿಸಬಹುದಾದ ವೈರ್. ವೈರ್ ಹೋದರೆ ವೈರ್ ಮಾತ್ರ ತಂದರಾಯಿತು. ಇದು ಮೊದಲು ದುಬಾರಿ ಮಾಲಿನಲ್ಲೇ ಹೆಚ್ಚು ಕಾಣುತ್ತಿತ್ತು. ಈಗ ಕಡಿಮೆ ಬೆಲೆಯದರಲ್ಲೂ ಬಂದಿದೆ. ಮೂನ್‌ಡ್ರಾಪ್ ಕಂಪನಿಯ ಅಗ್ಗದ 'ಚು' 2022ರಲ್ಲಿ ಬಂದಾಗ ವೈರ್ ಅಂಟಿಕೊಂಡೇ ಇತ್ತು, ಮರುವರ್ಷ ಬಂದ 'ಚು 2'ರಲ್ಲಿ ಬಿಚ್ಚುವ ವೈರ್ ಕೊಟ್ಟರು. ಹೆಚ್ಚಿನವುಗಳಲ್ಲಿ ವೈರ್ ಇಯರ್‌ಫೋನಿಗೆ ಸೇರುವ ಕಡೆ ಇರುವುದು 0.78 ಮಿಲಿಮೀಟರಿನ ಎರಡು ಪಿನ್ನಿನ ಕನೆಕ್ಟರ್. ಅದೇ ಕನೆಕ್ಟರ್ ಇರುವ ಬೇರೆ ಕಂಪನಿಯ ವೈರೂ ಸಾಮಾನ್ಯವಾಗಿ ಅದಕ್ಕೆ ಹೊಂದುತ್ತದೆ. ಸುಮ್ನೆ ಆಗಾಗ ಬಿಚ್ಚಿ ಹಾಕಬೇಡಿ, ಸಡಿಲವಾಗುತ್ತದೆ.

ವೈರ್‌ಲೆಸ್ ಬಡ್ಸ್‌ಗೆ ವೈರ್ ತುಂಡಾಗುವ ಭಯವಿಲ್ಲ. ಆದರೆ ಒಳಗಿರುವ ಲಿಥಿಯಂ ಬ್ಯಾಟರಿ ಪ್ರತಿ ಚಾರ್ಜಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ದಿನಾ ಬಳಸುವವರಿಗೆ ಎರಡು ಮೂರು ವರ್ಷಕ್ಕೆ ಅದು ಎದ್ದು ಕಾಣುತ್ತದೆ. ಹೆಚ್ಚಿನ ಬಡ್ಸ್ ಅಂಟು ಹಾಕಿ ಮುಚ್ಚಿರುತ್ತವೆ, ಬ್ಯಾಟರಿ ಬದಲಿಸಲು ಆಗುವುದಿಲ್ಲ. ಇದು ತಿಳಿದೇ ಕೊಳ್ಳಿ. ನೀರನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಐಪಿಎಕ್ಸ್ ಅನ್ನುವ ಗುರುತು ಇರುತ್ತದೆ. ಐಪಿಎಕ್ಸ್4 ಅಂದರೆ ನೀರು ಚಿಮ್ಮಿದರೆ ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ತಡೆಯುತ್ತದೆ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ನಿಮ್ಮ ಬೆವರಿನಲ್ಲಿ ಉಪ್ಪಿದೆ. ಕೇಸಿಗೆ ಆ ರಕ್ಷಣೆ ಬಹಳ ಸಲ ಇರುವುದೂ ಇಲ್ಲ. ಬೆವರಿದ ಬಡ್ಸ್ ಒರೆಸದೆ ಕೇಸಿಗೆ ಹಾಕಿದರೆ ಚಾರ್ಜಿಂಗ್ ಪಿನ್ ಹಸಿರುಗಟ್ಟುತ್ತದೆ.

ಇನ್ನು 'ಒಂದು ಕಡೆ ಬಂದ್' ಆದದ್ದು. ಎಸೆಯುವ ಮೊದಲು ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ನೋಡಿ. ಕಡಿಮೆ ಸೌಂಡ್ ಆ ಇಯರ್‌ಫೋನಿನ ಜೊತೆಗೇ ಪಕ್ಕ ಬದಲಿಸಿದರೆ ತೊಂದರೆ ಇಯರ್‌ಫೋನಿನದು. ಟಿಪ್ ತೆಗೆದು ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಬಹಳ ಸಲ ಅದರ ಮೇಲೆ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ. ಜಾಲರಿ ನೆಲದ ಕಡೆಗಿರುವ ಹಾಗೆ ಹಿಡಿದು, ಒಣಗಿದ ಮೆತ್ತಗಿನ ಟೂತ್‌ಬ್ರಶ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಕೆಳಗೆ ಉದುರಲಿ. ಪಿನ್ನು, ಸೂಜಿ ಬೇಡ, ಜಾಲರಿ ಹರಿಯುತ್ತದೆ. ಟಿಪ್ ಮಾತ್ರ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಜಾಲರಿ ಸ್ವಚ್ಛ ಇದ್ದೂ ಸೌಂಡ್ ಇಲ್ಲದಿದ್ದರೆ ಪಿನ್ ಹತ್ತಿರ ವೈರ್ ಅಲುಗಿಸಿ ನೋಡಿ, ಸೌಂಡ್ ಬಂದು ಹೋಗಿ ಮಾಡಿದರೆ ತಪ್ಪು ವೈರಿನದು. ಇಯರ್‌ಫೋನ್ ಅದಲು ಬದಲು ಮಾಡಿದರೂ ಅದೇ ಕಿವಿಗೆ ಕಡಿಮೆ ಕೇಳಿಸುತ್ತಿದ್ದರೆ ಹೊಸದು ಕೊಳ್ಳಲು ಹೋಗಬೇಡಿ. ಇಎನ್‌ಟಿ ಡಾಕ್ಟರಿಗೆ ಕಿವಿ ತೋರಿಸಿ. ಗುಗ್ಗೆ ತೆಗೆಯೋಣ ಅಂತ ಹತ್ತಿಕಡ್ಡಿ ಹಾಕಬೇಡಿ, ಅದು ಇನ್ನೂ ಒಳಗೆ ಹೋಗಿ ಕೂರುತ್ತದೆ.