ಅಂಗಡಿಯಲ್ಲಿ ಇರುವುದೆಲ್ಲ ಮರಿಗಳೇ

ಕಳೆದ ವರ್ಷ ಬೆಂಗಳೂರಿನ ಒಂದು ಮನೆಯಿಂದ ಫೋನ್ ಬಂತು. "ಸಾರ್, ನಮ್ಮ ಅಕ್ವೇರಿಯಂನ ನಿಯಾನ್ ಟೆಟ್ರಾ ಮೀನು ದಿನಾ ಒಂದೊಂದು ಕಮ್ಮಿ ಆಗ್ತಿವೆ. ಸತ್ತಿದ್ದು ಮಾತ್ರ ಎಲ್ಲೂ ಕಾಣಿಸ್ತಿಲ್ಲ" ಎಂದರು ಆ ತಾಯಿ. ಮರುದಿನ ಬೆಳಿಗ್ಗೆಯೇ ಹೋದೆ. ಮೂರಡಿ ಟ್ಯಾಂಕ್, ನೀರು ತಿಳಿಯಾಗಿತ್ತು, ಫಿಲ್ಟರ್ ಸರಿಯಾಗಿ ಓಡುತ್ತಿತ್ತು. ಮೀನಿನ ಗಲೀಜಿನಿಂದ ನೀರಿಗೆ ಸೇರುವ ವಿಷ, ಅಮೋನಿಯಾ, ಪರೀಕ್ಷಿಸಿದರೆ ಸೊನ್ನೆ. ಅಷ್ಟರಲ್ಲಿ ಅವರ ಮಗ, ಮೂರನೇ ಕ್ಲಾಸಿನ ಹುಡುಗ, ತನ್ನ ಲೆಕ್ಕದ ನೋಟ್‌ಬುಕ್ ತಂದು ಕೈಗಿಟ್ಟ. ದಿನಾ ಸ್ಕೂಲಿಗೆ ಹೊರಡುವ ಮುಂಚೆ ನಿಯಾನ್ ಎಣಿಸಿ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದ: 12, 12, 11, 10, 10, 8, 7. ಅವತ್ತು ಇದ್ದದ್ದು 5.

ಹೆಣ ಸಿಗದ ಕಡೆ ನಾನು ಮೊದಲು ನೋಡುವುದು ಉಳಿದ ಮೀನುಗಳ ಹೊಟ್ಟೆ. ಆ ಟ್ಯಾಂಕಿನಲ್ಲಿ ಎರಡು ಏಂಜಲ್ ಮೀನು ಇದ್ದವು. ಎಂಟು ತಿಂಗಳ ಹಿಂದೆ ತಂದಾಗ ಹತ್ತು ರೂಪಾಯಿ ನಾಣ್ಯದಷ್ಟಿದ್ದವಂತೆ. ಈಗ ರೆಕ್ಕೆ ಸೇರಿಸಿದರೆ ನನ್ನ ಅಂಗೈಗಿಂತ ಎತ್ತರ. ಬೆಳಗಿನ ಆಹಾರ ಇನ್ನೂ ಹಾಕಿರಲಿಲ್ಲ, ಆದರೂ ದೊಡ್ಡ ಏಂಜಲ್‌ನ ಹೊಟ್ಟೆ ಉಬ್ಬಿತ್ತು. ಕತ್ತಲಲ್ಲಿ ನಿಯಾನ್‌ಗಳ ಬಣ್ಣ ಮಂಕಾಗುತ್ತದೆ, ಗಿಡದ ಮರೆಯಲ್ಲಿ ಅಲುಗಾಡದೆ ನಿಲ್ಲುತ್ತವೆ. ಬೆಳಕು ಹರಿಯುವ ಹೊತ್ತಿಗೆ ಏಂಜಲ್ ಸದ್ದಿಲ್ಲದೆ ಹತ್ತಿರ ಬಂದು ಬಾಯಿ ಮುಂದೆ ಚಾಚಿ ಎಳೆದುಕೊಳ್ಳುತ್ತದೆ. ಕಾಯಿಲೆ ಏನೂ ಇರಲಿಲ್ಲ.

ಆ ಮನೆಯವರು ಅಂಗಡಿಯಲ್ಲಿ ವಿಚಾರಿಸಿಯೇ ಕೊಂಡಿದ್ದರು. "ಎರಡೂ ಅಮೆಜಾನ್ ಮೀನು, ಜಗಳ ಆಡಲ್ಲ" ಎಂಬ ಉತ್ತರ ಸಿಕ್ಕಿತ್ತು. ಅದರಲ್ಲಿ ಸುಳ್ಳಿಲ್ಲ. ಅಮೆಜಾನ್ ಕೊಳ್ಳದಲ್ಲೂ ಸಣ್ಣ ಮೀನು ಏಂಜಲ್‌ಗೆ ಆಹಾರವೇ. ಊರು ಒಂದೇ ಎಂದ ಮಾತ್ರಕ್ಕೆ ತಿನ್ನುವವರೂ ತಿನ್ನಿಸಿಕೊಳ್ಳುವವರೂ ಒಂದೇ ಗಾಜಿನೊಳಗೆ ಬಾಳಲಾರರು.

16 ವರ್ಷಗಳಿಂದ ಮನೆ, ಕಚೇರಿಗಳ ಟ್ಯಾಂಕ್ ನೋಡಿಕೊಳ್ಳುತ್ತಿದ್ದೇನೆ. ಮೀನುಗಳ ಹೊಂದಾಣಿಕೆ ಕೆಟ್ಟ ಕಡೆಯಲ್ಲೆಲ್ಲ ನನಗೆ ಕಂಡ ತಪ್ಪು ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲಿ ಕಾಣುವುದು ಮರಿ. ನಾವು ಮರಿಗೆ ಮರಿಯನ್ನು ಜೊತೆ ಮಾಡುತ್ತೇವೆ, ಆದರೆ ಒಟ್ಟಿಗೆ ಬದುಕಬೇಕಾದವು ಬೆಳೆದ ಮೀನುಗಳು. ಆದ್ದರಿಂದ "ಇವು ಕಚ್ಚಾಡುತ್ತವಾ?" ಎಂದು ಕೇಳುವುದಕ್ಕಿಂತ "ಇದು ಪೂರ್ತಿ ಬೆಳೆದರೆ ಎಷ್ಟುದ್ದ ಆಗುತ್ತೆ, ಬಾಯಿ ಎಷ್ಟಗಲ ಆಗುತ್ತೆ?" ಎಂದು ಕೇಳಿ. ಬಾಯಿಗೆ ಹಿಡಿಸುವ ಮೀನನ್ನು ಇವತ್ತಲ್ಲ ನಾಳೆ ನುಂಗಿಯೇ ನುಂಗುತ್ತದೆ.

ಇದಕ್ಕೆ ಕಣ್ಣಿಗೆ ಹೊಡೆಯುವ ಉದಾಹರಣೆ ನಮ್ಮ ಅಂಗಡಿಗಳಲ್ಲಿ "ಶಾರ್ಕ್" ಎಂದು ಮಾರುವ ಬೆಳ್ಳಿ ಬಣ್ಣದ ಚುರುಕಿನ ಮರಿ. ಅದು ಶಾರ್ಕ್ ಅಲ್ಲವೇ ಅಲ್ಲ, ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಪಂಗಾಸಿಯಸ್. ಆಂಧ್ರದ ಕೊಳಗಳಲ್ಲಿ ಊಟಕ್ಕೆಂದು ಸಾಕುವ, ಮೀನು ಮಾರುಕಟ್ಟೆಯಲ್ಲಿ ಐಸ್ ಮೇಲೆ ಮಲಗಿರುವ ಅದೇ ಮೀನು. ಒಂದು ಮೀಟರ್ ದಾಟಿ ಬೆಳೆಯಬಲ್ಲದು. ಬೆರಳುದ್ದ ಇದ್ದಾಗ ಪುಟ್ಟ ಗಪ್ಪಿ ಮೀನುಗಳ ಜೊತೆ ಓಡಾಡಿಕೊಂಡಿರುತ್ತದೆ. ಆಮೇಲೆ ಗಪ್ಪಿ ಇರುವುದಿಲ್ಲ. ಅದಕ್ಕೂ ಸುಖವಿಲ್ಲ: ಲೈಟ್ ಹಾಕಿದರೆ ಬೆದರಿ ಗಾಜಿಗೆ ನುಗ್ಗುತ್ತದೆ, ಮೂತಿ ಕಿತ್ತುಕೊಳ್ಳುತ್ತದೆ. ಮನೆಯ ಟ್ಯಾಂಕಿಗೆ ಈ ಮೀನನ್ನು ದಯವಿಟ್ಟು ತರಬೇಡಿ.

ಇನ್ನೊಂದು, ಜೋಡಿ ಲೆಕ್ಕ. ನಮ್ಮಲ್ಲಿ ಮೀನು ಮಾರುವುದೇ ಜೋಡಿಗೆ ಇಷ್ಟು ಎಂದು. ಹಾಗಾಗಿ ಪ್ರತಿ ಬಣ್ಣದ್ದೂ ಒಂದೊಂದು ಜೋಡಿ ತಂದು ಬಿಡುತ್ತೇವೆ. ಟೆಟ್ರಾ, ಡೇನಿಯೋ, ಕೋರಿಡೋರಾಸ್, ಬಾರ್ಬ್ ಇವೆಲ್ಲ ಗುಂಪಿನ ಮೀನು, ಕನಿಷ್ಠ ಆರಾದರೂ ಬೇಕು. ಟೈಗರ್ ಬಾರ್ಬ್ ಅನ್ನೇ ನೋಡಿ, ಪೋಕರಿ ಎಂದು ಹೆಸರು ಕೆಟ್ಟಿದೆ. ಏಂಜಲ್, ಗೌರಾಮಿಗಳ ಉದ್ದನೆಯ ಎಳೆಗಳನ್ನು ಕಿತ್ತು ಮೊಂಡು ಮಾಡುತ್ತದೆ, ನಿಜ. ಆದರೆ ಎರಡೇ ಇದ್ದಾಗ ಅದರ ಕಾಟ ಹೆಚ್ಚು. ಹತ್ತು ಒಟ್ಟಿಗೆ ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡು, ಯಾರು ಮೇಲು ಎಂದು ತೀರ್ಮಾನಿಸಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತವೆ. ಕಾಟ ಕೊಡುವ ಮೀನನ್ನು ಇನ್ನಷ್ಟು ತನ್ನಿ ಎಂದರೆ ಜನ ನಂಬುವುದಿಲ್ಲ, ಮಾಡಿ ನೋಡಿದ ಮೇಲೆ ಒಪ್ಪುತ್ತಾರೆ. ಅಷ್ಟಾದರೂ ಉದ್ದ ರೆಕ್ಕೆಯ ಫೈಟರ್ ಮೀನಿನ ಜೊತೆ ಮಾತ್ರ ಅವನ್ನು ಬಿಡಬೇಡಿ.

ನೀರಿನ ವಿಷಯ ಯಾರೂ ಕೇಳುವುದಿಲ್ಲ, ನನಗೆ ಅದೇ ಮುಖ್ಯ. ಒಂದೇ ರಸ್ತೆಯಲ್ಲಿ ಒಂದು ಮನೆಗೆ ಕಾವೇರಿ, ಪಕ್ಕದ್ದಕ್ಕೆ ಬೋರ್‌ವೆಲ್ ಇರುತ್ತದೆ. ನಿಮ್ಮ ಬಕೆಟ್ಟಿನ ಅಂಚಿನಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತಿದ್ದರೆ ನೀರು ಗಡಸು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಅದೇ ಚೆನ್ನ, ಅವನ್ನು ಒಟ್ಟಿಗೆ ಸಾಕಬಹುದು. ನಿಯಾನ್ ಮತ್ತು ಡಿಸ್ಕಸ್ ಬೇಡುವುದು ಮೆದು ನೀರು. ಮೋಲಿಗೂ ನಿಯಾನ್‌ಗೂ ಜಗಳವಿಲ್ಲ, ಆದರೂ ಒಂದೇ ಟ್ಯಾಂಕಿನಲ್ಲಿ ಇಬ್ಬರಲ್ಲಿ ಒಬ್ಬರು ಸೊರಗುತ್ತಾರೆ. ಬೋರ್‌ವೆಲ್ ಇದ್ದು ಬಣ್ಣ ಬಣ್ಣದ ಮೀನೇ ಬೇಕೆನ್ನುವವರಿಗೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ಹೇಳುತ್ತೇನೆ, ಆದರೆ ಆ ಟ್ಯಾಂಕಿನಲ್ಲಿ ಅವು ಮಾತ್ರ ಇರಬೇಕು.

ಬಿಸಿಯೂ ಹಾಗೆಯೇ. ಗೋಲ್ಡ್ ಫಿಶ್‌ಗೆ 20 ಡಿಗ್ರಿ ಆಸುಪಾಸು ಹಿತ, ಡಿಸ್ಕಸ್‌ಗೆ 28ರಿಂದ 30 ಬೇಕು. ಅವೆರಡನ್ನೂ ಒಂದೇ ಹೀಟರ್ ಮುಂದೆ ಕೂಡಿಸಬೇಡಿ.

ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಮೀನಿನ ಬಗ್ಗೆ ಹೇಳದೆ ಮುಗಿಸಲಾರೆ. "ಟ್ಯಾಂಕ್ ಕ್ಲೀನ್ ಮಾಡುತ್ತೆ" ಎಂದು ಎಲ್ಲ ಅಂಗಡಿಯಲ್ಲೂ ಕೊನೆಗೊಂದು ಸಕ್ಕರ್ ಸೇರಿಸಿ ಕೊಡುತ್ತಾರೆ. ಚಿಕ್ಕದಿದ್ದಾಗ ಪಾಚಿ ತಿನ್ನುತ್ತದೆ. ಬೆಳೆಯುತ್ತಾ ಮೇಲಿಂದ ಬೀಳುವ ಆಹಾರಕ್ಕೇ ಒಗ್ಗಿಕೊಂಡು, ಒಂದಡಿ ಮೀರಿ ಬೆಳೆದು, ತಿಂದದ್ದಕ್ಕಿಂತ ಹೆಚ್ಚು ಗಲೀಜು ಮಾಡುತ್ತದೆ. ರಾತ್ರಿ ಗೋಲ್ಡ್ ಫಿಶ್, ಏಂಜಲ್‌ಗಳ ಮೈಗೆ ಅಂಟಿಕೊಂಡು ಲೋಳೆ ಕೆರೆದು ತಿಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ: ಪಕ್ಕೆಯ ಮೇಲೆ ರೂಪಾಯಿಯಷ್ಟಗಲ ಹೊಳಪು ಹೋಗಿ ಕೆಂಪಾಗಿರುತ್ತದೆ. ಸಾಕಾಗಿ ಜನ ಇದನ್ನು ಕೆರೆಗೆ ಬಿಡುತ್ತಾರೆ, ಪುಣ್ಯ ಬರುತ್ತದೆಂದೂ ಭಾವಿಸುತ್ತಾರೆ. ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಹೀಗೆ ಸೇರಿಕೊಂಡ ಸಕ್ಕರ್‌ಗಳು ಮೀನುಗಾರರ ಬಲೆ ಹರಿಯುತ್ತಿವೆ, ದಡದಲ್ಲಿ ಬಿಲ ತೋಡಿ ಮರಿ ಮಾಡುತ್ತಿವೆ. ಬೇಡವಾದರೆ ಅಂಗಡಿಗೆ ಹಿಂದಿರುಗಿಸಿ, ಕೊಂಡ ದುಡ್ಡು ವಾಪಸು ಬರದಿದ್ದರೂ ಚಿಂತೆಯಿಲ್ಲ.

ಆ ಹುಡುಗನ ಟ್ಯಾಂಕಿಗೆ ಬರೋಣ. ಏಂಜಲ್ ಎರಡನ್ನೂ ದೊಡ್ಡ ಟ್ಯಾಂಕಿದ್ದ ಇನ್ನೊಬ್ಬರ ಮನೆಗೆ ಸಾಗಿಸಿದೆವು. ಅವನಿಗೆ ಅಳು ಬಂತು, ಅವುಗಳಿಗೂ ಹೆಸರಿಟ್ಟಿದ್ದ. ಅವರದ್ದು ಬೋರ್‌ವೆಲ್‌ಗಿಂತ ಮೆದುವಾದ ಕಾವೇರಿ ನೀರು, ಹಾಗಾಗಿ ನಿಯಾನ್‌ಗಳನ್ನು ಮತ್ತೆ 12ಕ್ಕೆ ಏರಿಸಿ, ತಳದಲ್ಲಿ ಓಡಾಡಲು ಆರು ಕೋರಿಡೋರಾಸ್, ಮೇಲ್ಪದರಕ್ಕೆ ಒಂದು ಜೋಡಿ ಹನಿ ಗೌರಾಮಿ ಸೇರಿಸಿದೆ. ಒಂದೇ ದಿನ ಅಲ್ಲ, ಎರಡು ತಿಂಗಳಲ್ಲಿ, ಪ್ರತಿ ಗುಂಪನ್ನೂ ಮೂರು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿದ ಮೇಲೆ. ಬಿಡುವಾಗ ಲೈಟ್ ಆರಿಸಿ, ಕಲ್ಲು ಮತ್ತು ಮರದ ತುಂಡಿನ ಜಾಗ ಬದಲಿಸಿದ್ದೆ, ಮೊದಲೇ ಇದ್ದವು "ಇದು ನನ್ನ ಮೂಲೆ" ಎಂದು ಹೊಸಬರನ್ನು ಅಟ್ಟದಿರಲಿ ಎಂದು. ನೋಟ್‌ಬುಕ್ಕಿನಲ್ಲಿ ಈಗ ಮೂರು ಕಾಲಂ ಗೆರೆ ಎಳೆದುಕೊಂಡಿದ್ದಾನೆ. ಮೊನ್ನೆ ಹೋದಾಗ ಕೋರಿಡೋರಾಸ್ ಕಾಲಂನಲ್ಲಿ ಆರರ ಪಕ್ಕ ಪ್ರಶ್ನೆಚಿಹ್ನೆ ಇತ್ತು. ಟಾರ್ಚ್ ಹಿಡಿದು ತೋರಿಸಿದ: ಮುಂದಿನ ಗಾಜಿನ ಮೇಲೆ ಸಾಸಿವೆಯಷ್ಟು ಸಣ್ಣ ಮೊಟ್ಟೆಗಳು.