ಪಾಕೊ ಲೆಓನ್: ಒಂದು ಅರ್ಕಾವೊತ್ತಿನ ಟಿಪ್ಪಣಿ

ಮುಂದಿನ ವಾರ ಸ್ಪ್ಯಾನಿಷ್ ಕ್ಲಾಸಿನಲ್ಲಿ ಹತ್ತು ನಿಮಿಷ ಮಾತಾಡಬೇಕು. ನನಗೆ ಬಂದ ವಿಷಯ ಪಾಕೊ ಲೆಓನ್: ಟಿವಿ ಹಾಸ್ಯನಟ, ಆಮೇಲೆ ಸಿನಿಮಾ ನಿರ್ದೇಶಕ. ಮೂರು ಸಂಜೆ ಒದ್ದಾಡಿದ್ದು ತಲೆಯಿಂದ ಜಾರಿಹೋಗುವ ಮೊದಲು ಬರೆದಿಟ್ಟುಕೊಳ್ಳುತ್ತಿದ್ದೇನೆ. ನಿಮಗೂ ಇದೇ ವಿಷಯ ಬಂದರೆ ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಹುಟ್ಟಿದ್ದು 1974ರಲ್ಲಿ, ಸೆವಿಯಾದಲ್ಲಿ. 2003ರಲ್ಲಿ ಶುರುವಾದ 'ಓಮೊ ಸಾಪಿಂಗ್' ಎಂಬ ಅಣಕು ಕಾರ್ಯಕ್ರಮದಲ್ಲಿ ಟಿವಿ ಮುಖಗಳನ್ನೇ ಮಿಮಿಕ್ರಿ ಮಾಡುತ್ತಿದ್ದ. ನಿರೂಪಕಿ ಆನ್ನೆ ಇಗಾರ್ತಿಬುರು ಅವರ ಅಣಕು ಬಲು ಜನಪ್ರಿಯವಾಯಿತು. 2005ರಲ್ಲಿ ತೆಲೆಸಿಂಕೊ ಚಾನೆಲ್ಲಿನ 'ಅಈದಾ' ಬಂತು. 'ಸಿಯೆತೆ ವೀದಾಸ್' ಎಂಬ ಹಳೆಯ ಧಾರಾವಾಹಿಯಲ್ಲಿ ಮನೆಗೆಲಸಕ್ಕೆ ಬರುತ್ತಿದ್ದ ಅಈದಾ ಇಲ್ಲಿ ನಾಯಕಿ, ಪಾತ್ರಧಾರಿ ಕಾರ್ಮೆನ್ ಮಾಚಿ. ಪಾಕೊ ಆಕೆಯ ತಮ್ಮ ಲುಯಿಸ್ಮಾ: ಮಾದಕ ಚಟದಿಂದ ಹೊರಬಂದ, ಬುದ್ಧಿ ಸ್ವಲ್ಪ ನಿಧಾನ, ಮನಸ್ಸು ಬಂಗಾರ. ನಾಯಕಿಯೇ ನಡುವೆ ಬಿಟ್ಟುಹೋದರೂ ಧಾರಾವಾಹಿ 2014ರವರೆಗೆ ಓಡಿತು.

'ನಟನಾಗಿದ್ದವನು ನಿರ್ದೇಶಕನಾದ' ಎಂದು ಓದಿದಾಗ ಅದು ಮುಗಿದ ಮೇಲೆ ಇದು ಎಂದುಕೊಂಡು ಕಾಲಪಟ್ಟಿ ಗೀಚಿದ್ದೆ. ತಪ್ಪು. ಮೊದಲ ಸಿನಿಮಾ ಬಂದಿದ್ದು 2012ರಲ್ಲಿ, ಲುಯಿಸ್ಮಾ ಇನ್ನೂ ಪರದೆಯ ಮೇಲೆ ಇದ್ದಾಗಲೇ.

ಈಗ ನಾನು ಎಡವಿದ ಜಾಗ. ಆ ಸಿನಿಮಾದ ಹೆಸರು 'ಕರ್ಮೀನಾ ಓ ರೆವಿಯೆಂತಾ', ಹೋಟೆಲ್ ನಡೆಸುವ ಒಬ್ಬ ಅಮ್ಮನ ಕತೆ. ಹುಡುಕುವಾಗ ಒಂದು 'ಆರ್' ಬಿಟ್ಟು ಟೈಪ್ ಮಾಡಿದೆ. ಸಿಕ್ಕಿದ್ದನ್ನು ನೋಡುತ್ತಾ ಕೂತೆ. ಇಪ್ಪತ್ತು ನಿಮಿಷವಾದರೂ ಅಮ್ಮನೂ ಇಲ್ಲ, ಹೋಟೆಲ್ಲೂ ಇಲ್ಲ. ಬರೀ ಪೊಲೀಸರು, ಬೇಡಿ, ಓಟ. ನಾನು ನೋಡುತ್ತಿದ್ದದ್ದು ವಿಸೆಂತೆ ಅರಾಂದಾ ನಿರ್ದೇಶಿಸಿದ 1987ರ 'ಎಲ್ ಲುತೆ: ಕಮೀನಾ ಓ ರೆವಿಯೆಂತಾ'. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಸ್ಪೇನಿಗೆಲ್ಲ ಹೆಸರಾದ ಎಲೆಉತೇರಿಯೊ ಸಾಂಚೆಸ್‌ನ ಆತ್ಮಕಥೆಯ ಹೆಸರೂ ಅದೇ. ಅಂದರೆ ಪಾಕೊ ಬೇಕೆಂದೇ ಹಳೆಯ ಹೆಸರಿಗೆ ಒಂದಕ್ಷರ ಸಿಕ್ಕಿಸಿದ್ದ; ನಾನು ಗೊತ್ತಿಲ್ಲದೆ ಅದನ್ನು ಕಿತ್ತುಹಾಕಿದ್ದೆ. ಕನ್ನಡದಲ್ಲಿ ಬರೆದುಕೊಂಡರೆ ಮರೆಯುವುದೇ ಇಲ್ಲ: ಕಮೀನಾ, ಅದಕ್ಕೊಂದು ಅರ್ಕಾವೊತ್ತು, ಕರ್ಮೀನಾ. (ಹಿಂದಿಯ ಬೈಗುಳ ನೆನಪಾದರೆ ಆಗಲಿ, ಉಚ್ಚಾರಣೆಯ ಒತ್ತು ಸರಿಯಾಗಿ 'ಮೀ' ಮೇಲೇ ಬೀಳುತ್ತದೆ.)

ಹಳೆಯ ಹೆಸರಿನ ಅರ್ಥವೇನು? ನಾನು ಮೊದಲು ಬರೆದದ್ದು 'ಅವನು ನಡೆಯುತ್ತಾನೆ ಅಥವಾ ಒಡೆಯುತ್ತಾನೆ'. ನಗಬೇಡಿ, ಕಾರಣ ಇದೆ. 'ಕಮಿನಾರ್' ಅಂದರೆ ನಡೆಯುವುದು. ಅದರ 'ಕಮೀನಾ' ರೂಪಕ್ಕೆ ಎರಡು ಅರ್ಥ: 'ಅವನು ನಡೀತಾನೆ' ಎಂಬುದೂ ಹೌದು, 'ನೀನು ನಡಿ' ಎಂಬ ಆಜ್ಞೆಯೂ ಹೌದು. ನಮಗೆ ಈ ಗೊಂದಲವಿಲ್ಲ. 'ನಡಿ' ಬೇರೆ, 'ನಡೀತಾನೆ' ಬೇರೆ. ಸ್ಪ್ಯಾನಿಷಿನಲ್ಲಿ ಎರಡಕ್ಕೂ ಒಂದೇ ಅಂಗಿ. ಹಾಗಾದರೆ ಯಾವುದೆಂದು ಗೊತ್ತಾಗುವುದು ಹೇಗೆ? ನಾನು ಕಂಡುಕೊಂಡ ಉಪಾಯ: ವಾಕ್ಯವನ್ನು ಮರ್ಯಾದೆಯ 'ನೀವು'ಗೆ, ಅಂದರೆ 'ಉಸ್ತೆದ್' ರೂಪಕ್ಕೆ ತಿರುಗಿಸಿ ನೋಡಿ. 'ಕಮೀನೆ ಓ ರೆವಿಯೆಂತೆ', 'ನಡೀರಿ, ಇಲ್ಲಾಂದ್ರೆ ಸಾಯ್ರಿ'. ಅರ್ಥ ಕೂತರೆ ಅದು ಆಜ್ಞೆ. ಇಲ್ಲಿ ಕೂತಿತು.

ಇನ್ನು 'ರೆವಿಯೆಂತಾ'. ನಿಘಂಟಿನಲ್ಲಿ ಅದೇ ರೂಪ ಹುಡುಕಿದರೆ ಸಿಗುವುದಿಲ್ಲ, ಮೂಲ 'ರೆವೆಂತಾರ್'. ಒತ್ತು ಬಿದ್ದ ಕಡೆ 'ಎ' ಹೋಗಿ 'ಇಯೆ' ಬರುತ್ತದೆ, 'ಪೆನ್ಸಾರ್' ಹೋಗಿ 'ಪಿಯೆನ್ಸಾ' ಆಗುವಂತೆ. 'ನಾವು' ರೂಪದಲ್ಲಿ ಒತ್ತು ಮುಂದೆ ಸರಿಯುವುದರಿಂದ ಬದಲಾವಣೆಯೂ ಇಲ್ಲ: 'ರೆವೆಂತಾಮೊಸ್'. ಅರ್ಥ ಒಡೆದುಹೋಗುವುದು, ಆಡುಮಾತಿನಲ್ಲಿ ದುಡಿದು ದುಡಿದು ಸಾಯುವುದು. ಈಗ ಪಾಕೊನ ಹೆಸರನ್ನು ಓದಿ. ಕ್ರಿಯಾಪದ ಇರಬೇಕಾದ ಜಾಗದಲ್ಲಿ ಅಮ್ಮನ ಹೆಸರು ಬಂದು ಕೂತಿದೆ. 'ಕರ್ಮೀನಾ ಆಗು, ಇಲ್ಲಾ ಸಾಯಿ' ಎಂದು ನಾನು ಅರ್ಥಮಾಡಿಕೊಂಡೆ.

ಹೌದು, ಅಮ್ಮ. ಮುಖ್ಯಪಾತ್ರದಲ್ಲಿ ಪಾಕೊನ ನಿಜವಾದ ತಾಯಿ ಕರ್ಮೀನಾ ಬಾರಿಯೋಸ್, ವೃತ್ತಿಯಿಂದ ನಟಿಯಲ್ಲ. ಮಗಳಾಗಿ ನಿಜವಾದ ಮಗಳು ಮರಿಯಾ ಲೆಓನ್. ಆಕೆ ಆ ವರ್ಷದ ಆರಂಭದಲ್ಲಷ್ಟೇ 'ಲಾ ವೋಸ್ ದೊರ್ಮೀದಾ' ಚಿತ್ರಕ್ಕೆ ಹೊಸ ನಟಿಯ ಗೋಯಾ (ಸ್ಪೇನಿನ ದೊಡ್ಡ ಸಿನಿಮಾ ಪ್ರಶಸ್ತಿ) ಪಡೆದಿದ್ದಳು. ಕತೆ ಇಷ್ಟು: ಸೆವಿಯಾದಲ್ಲಿ 58ರ ಹೆಂಗಸು ಹ್ಯಾಮ್ ಮಾರುವ ಹೋಟೆಲ್ ನಡೆಸುತ್ತಾಳೆ, ಮೇಲಿಂದ ಮೇಲೆ ಕಳ್ಳತನ ಆಗುತ್ತದೆ, ವಿಮೆಯವರು ಕೈಯೆತ್ತುತ್ತಾರೆ, ಹೋದ ದುಡ್ಡು ವಾಪಸ್ ತರಲು ಆಕೆ ಒಂದು ಮಸಲತ್ತು ಹೂಡುತ್ತಾಳೆ. ಅದು ಕೈಗೂಡುವವರೆಗೆ ಅಡುಗೆಮನೆಯಲ್ಲಿ ಕೂತು ತನ್ನ ಬದುಕಿನ ಬಗ್ಗೆ ಮಾತಾಡುತ್ತಾಳೆ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂದು ಪಟ್ಟಿ ಮಾಡಲು ಹೊರಟು ಅರ್ಧಕ್ಕೇ ಬಿಟ್ಟೆ. ಅದರ ಬದಲು ಕಣ್ಣುಮುಚ್ಚಿ ಆ ಅಡುಗೆಮನೆಯ ಮಾತು ಕೇಳಿ. ಮಿಮಿಕ್ರಿ ಮಾಡುವವನ ಕಿವಿ ಬೇರೆಯೇ. ಒಬ್ಬರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಪದ ನುಂಗುತ್ತಾರೆ ಎಂದು ಅವನಿಗೆ ಗೊತ್ತು. ಈ ನಿರ್ದೇಶಕನಿಗೆ ಕಣ್ಣಿಗಿಂತ ಮೊದಲು ತಯಾರಾಗಿದ್ದು ಕಿವಿ ಎಂದು ನನ್ನ ಅನಿಸಿಕೆ. ಸೆವಿಯಾ ಇರುವ ಆಂದಲೂಸಿಯಾ ಪ್ರಾಂತ್ಯದ ಉಚ್ಚಾರಣೆಯಲ್ಲಿ ಪದದ ಕೊನೆಯ 'ಸ್' ಹಾರಿಹೋಗುತ್ತದೆ, ಸಬ್‌ಟೈಟಲ್ ಇಲ್ಲದೆ ನನ್ನ ಕೈಲಂತೂ ಆಗಲಿಲ್ಲ.

ಬಿಡುಗಡೆಯ ರೀತಿಯನ್ನು ಪ್ರಶ್ನೆಯಾಗಿ ಕೇಳಬಹುದು, ನೆನಪಿಡಿ. ಏಪ್ರಿಲ್‌ನಲ್ಲಿ ಮಾಲಗಾ ಚಿತ್ರೋತ್ಸವದಲ್ಲಿ ಪ್ರಶಸ್ತಿಗಳು. ಅತ್ಯುತ್ತಮ ನಟಿ ಅಮ್ಮನೇ. 2012ರ ಜುಲೈ 5ರಂದು ಥಿಯೇಟರ್, ಡಿವಿಡಿ, ಇಂಟರ್ನೆಟ್ ಮೂರರಲ್ಲೂ ಒಂದೇ ದಿನ. ಇಂಟರ್ನೆಟ್‌ನಲ್ಲಿ 1.95 ಯೂರೊ, ಡಿವಿಡಿಗೆ 5.95. ಥಿಯೇಟರಿನ ಸರದಿ ಮುಗಿಯದೆ ಮನೆಗೆ ಸಿನಿಮಾ ಕೊಡಬಾರದು ಎಂಬ ಪದ್ಧತಿಯನ್ನೇ ಮುರಿದ ಕೆಲಸ ಅದು. ಗೋಯಾದಲ್ಲಿ ಹೊಸ ನಿರ್ದೇಶಕರ ಪಟ್ಟಿಗೆ ಹೆಸರು ಬಂತು, ಪ್ರಶಸ್ತಿ ಬರಲಿಲ್ಲ.

ಮುಂದಿನದು ಓಡಿಸಿಬಿಡುತ್ತೇನೆ. 2014ರ 'ಕರ್ಮೀನಾ ಇ ಅಮೇನ್'ನಲ್ಲಿ ಗಂಡ ಸಾಯುತ್ತಾನೆ. ಅವನ ಬೋನಸ್ ಕೈಸೇರುವವರೆಗೆ ಎರಡು ದಿನ ಸಾವಿನ ಸುದ್ದಿ ಮುಚ್ಚಿಡೋಣ ಎಂದು ಕರ್ಮೀನಾ ಮಗಳನ್ನು ಒಪ್ಪಿಸುತ್ತಾಳೆ. ಎರಡರಲ್ಲಿ ನನಗೆ ಇದೇ ಹೆಚ್ಚು ಇಷ್ಟ. 2016ರ 'ಕೀಕಿ' ಒಂದು ಆಸ್ಟ್ರೇಲಿಯನ್ ಚಿತ್ರದ ರೀಮೇಕ್. 2018ರ 'ಆರ್ದೆ ಮದ್ರೀದ್' ಕಪ್ಪುಬಿಳುಪಿನ ಸರಣಿ, 1961ರಲ್ಲಿ ಮದ್ರೀದಿನಲ್ಲಿದ್ದ ಹಾಲಿವುಡ್ ನಟಿ ಆವಾ ಗಾರ್ಡ್ನರ್ ಮನೆಯ ಕೆಲಸದವರ ಕತೆ. ಡ್ರೈವರ್ ಪಾತ್ರ ಪಾಕೊನದೇ. 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ 'ರೇನ್‌ಬೋ'.

ಆಮೇಲೆ ಮತ್ತೆ ಅಕ್ಷರದಾಟ. 'ಅಈದಾ' ಧಾರಾವಾಹಿಯ ಹಲವು ನಟರನ್ನು ಕೂಡಿಸಿಕೊಂಡು ಮಾಡಿದ ಸಿನಿಮಾದ ಹೆಸರು 'ಅಈದಾ ಇ ವುಯೆಲ್ತಾ'. 'ಈದಾ ಇ ವುಯೆಲ್ತಾ' ಅಂದರೆ ಹೋಗಿ ಬರುವುದು. ರೈಲ್ವೆ ಕೌಂಟರಿನಲ್ಲಿ ರಿಟರ್ನ್ ಟಿಕೆಟ್ ಕೇಳುವ ಮಾತು. ಅದರ ಶುರುವಿಗೆ ಒಂದು 'ಅ'. ಇದು ಕೆಲಸ ಮಾಡುವುದು ಸ್ಪ್ಯಾನಿಷ್ ಬರಹದ 'í' ಮೇಲಿನ ಗೀಟಿನಿಂದ. ಆ ಗೀಟು ಇಲ್ಲದಿದ್ದರೆ 'ಐದಾ' ಎಂದು ಎರಡೇ ಉಚ್ಚಾರವಾಗಿ 'ಈದಾ' ಕಿವಿಗೇ ಬೀಳುತ್ತಿರಲಿಲ್ಲ. ಗೀಟು ಇರುವುದರಿಂದ ಅ-ಈ-ದಾ, ಮೂರು. ಹಾಗಾಗಿ ಕ್ಲಾಸಿನಲ್ಲಿ 'ಐದಾ' ಅನ್ನಬೇಡಿ, ಜೋಕ್ ಅಲ್ಲೇ ಸಾಯುತ್ತದೆ. ನಾನು ಬಸ್ಸಿನಲ್ಲಿ 'ಹೋಗಿ ಬರ್ತೀನಿ' ಅಂದುಕೊಳ್ಳುತ್ತಾ ಮೂರು ಬಿಡಿ ಅಕ್ಷರ ಅಭ್ಯಾಸ ಮಾಡುತ್ತಿದ್ದೇನೆ, ಪಕ್ಕದ ಸೀಟಿನವರು ಆಗಲೇ ಎರಡು ಸಲ ತಿರುಗಿ ನೋಡಿದ್ದಾರೆ.