ಬೀಜದ ಲೆಕ್ಕದಲ್ಲಿ ತಾರೀಖು ಇಲ್ಲ

ಚಳಿಗಾಲ ಕಳೆದು ಎರಡು ದಿನ ಬಿಸಿಲು ಕಾದರೆ ಸಾಕು, ಕೈತೋಟ ಮಾಡುವವರ ಕೈ ಬೀಜದ ಪೊಟ್ಟಣದತ್ತ ಹೋಗುತ್ತದೆ. ಕೆಲವರು ಕ್ಯಾಲೆಂಡರ್ ನೋಡಿ ಬಿತ್ತುತ್ತಾರೆ, ಇನ್ನು ಕೆಲವರು ಚಂದ್ರನನ್ನು ನೋಡಿ. ಬೆಳೆಯುವ ಚಂದ್ರ ಸಮುದ್ರವನ್ನು ಉಬ್ಬಿಸುವಂತೆ ಬೀಜದೊಳಕ್ಕೂ ನೀರನ್ನು ಸೆಳೆಯುತ್ತಾನೆಂಬ ವಾದ ಕೇಳಲು ಸೊಗಸಾಗಿದೆ. ಆದರೆ ಉಬ್ಬರವು ಹುಣ್ಣಿಮೆಯಲ್ಲಿರುವಂತೆ ಅಮಾವಾಸ್ಯೆಯಲ್ಲೂ ಬಲವಾಗಿರುತ್ತದೆ. ಅಲ್ಲದೆ ಅದು ಹುಟ್ಟುವುದು ಭೂಮಿಯ ಎರಡು ಬದಿಗಳ ಮೇಲಿನ ಸೆಳೆತದ ವ್ಯತ್ಯಾಸದಿಂದ. ಕೆಲವೇ ಮಿಲಿಮೀಟರ್ ಉದ್ದದ ಬೀಜದ ಎರಡು ತುದಿಗಳ ನಡುವೆ ಅಂಥ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು.

ಬೀಜ ಎಣಿಸುವುದು ಶಾಖವನ್ನು. ಇದರ ಮೊದಲ ಸುಳಿವು ಕೊಟ್ಟವನು ಫ್ರಾನ್ಸಿನ ರೇಮರ್. ನೀರು ಹೆಪ್ಪುಗಟ್ಟುವಲ್ಲಿ 0, ಕುದಿಯುವಲ್ಲಿ 80 ಎಂದು ಗುರುತು ಹಾಕಿದ ಥರ್ಮಾಮೀಟರಿನಿಂದ ಹೆಸರಾದವನು. ಗಿಡವೊಂದು ಬೆಳವಣಿಗೆಯ ಒಂದು ಹಂತವನ್ನು ಮುಟ್ಟಲು ಬೇಕಾದ ದಿನಗಳು ವರ್ಷದಿಂದ ವರ್ಷಕ್ಕೆ ಬದಲಾದರೂ, ಆ ದಿನಗಳ ಉಷ್ಣತೆಯನ್ನು ಕೂಡಿದರೆ ಬರುವ ಮೊತ್ತ ಹೆಚ್ಚುಕಡಿಮೆ ಒಂದೇ ಎಂದು ಅವನು 1735ರಲ್ಲಿ ಸೂಚಿಸಿದ. ಪ್ರತಿ ದಿನದ ಉಷ್ಣತೆಯಿಂದ ಒಂದು ಕನಿಷ್ಠ ಮಟ್ಟವನ್ನು ಕಳೆದು ಕೂಡಬೇಕೆಂಬ ತಿದ್ದುಪಡಿ ಆಮೇಲೆ ಬಂತು.

ಕ್ಯಾರೆಟ್ ಬೀಜವನ್ನೇ ನೋಡಿ. ಮಣ್ಣು 10 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಮೊಳೆತು ಮೇಲೇಳಲು ಸುಮಾರು 17 ದಿನ ಬೇಕು, 15 ಡಿಗ್ರಿಯಲ್ಲಿ 10 ದಿನ, 20 ಡಿಗ್ರಿಯಲ್ಲಿ 7 ದಿನ. ಪ್ರತಿ ಉಷ್ಣತೆಯಿಂದ 3 ಕಳೆದು ದಿನಗಳಿಂದ ಗುಣಿಸಿದರೆ 119, 120, 119! ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ, ಆದರೆ ಈ ಹಳ್ಳದ ತಳದಲ್ಲಿ ಒಂದು ಬಿರುಕಿದೆ. ದಿನಕ್ಕೆ ಮೂರು ಹನಿ ಅದರಲ್ಲಿ ಸೋರಿಹೋಗುತ್ತದೆ, ಮಿಕ್ಕದ್ದಷ್ಟೇ ನಿಲ್ಲುತ್ತದೆ. ಅಥವಾ ದಿನಗೂಲಿಯವನ ಉಳಿತಾಯವೆನ್ನಿ: ಮೂರು ರೂಪಾಯಿ ಖರ್ಚಿಗೆ ಹೋಗಲೇಬೇಕಾದಾಗ ನಾಲ್ಕು ರೂಪಾಯಿ ದುಡಿಯುವವನಿಗಿಂತ ಐದು ದುಡಿಯುವವನು ಎರಡರಷ್ಟು ಬೇಗ ಗುರಿ ಮುಟ್ಟುತ್ತಾನೆ. ವಸಂತದ ಆರಂಭದಲ್ಲಿ ಒಂದೆರಡು ಡಿಗ್ರಿಯೂ ಅಷ್ಟೊಂದು ದೊಡ್ಡದಾಗುವುದು ಇದಕ್ಕೇ. ತೀರಾ ಬಿಸಿ ಮಣ್ಣಿನಲ್ಲಿ ಈ ಲೆಕ್ಕ ಕೆಡುತ್ತದೆ, ಆದರೆ ವಸಂತದಲ್ಲಿ ಆ ಚಿಂತೆಯಿಲ್ಲ.

ಟೊಮೆಟೊ ಬೀಜಕ್ಕೆ ಈ ಸೋರಿಕೆ ಹೆಚ್ಚು, ಸುಮಾರು 8 ಡಿಗ್ರಿ. ಆದ್ದರಿಂದಲೇ 20 ಡಿಗ್ರಿಯಲ್ಲಿ ಎಂಟೇ ದಿನಕ್ಕೆ ಏಳುವ ಅದು 10 ಡಿಗ್ರಿಯಲ್ಲಿ ಆರು ವಾರ ಮಲಗಿರುತ್ತದೆ. ಅದರ ಸಸಿಯನ್ನು ಮನೆಯೊಳಗೆ ಬೆಳೆಸಿಕೊಳ್ಳುವ ರೂಢಿ ಇದರಿಂದಲೇ ಬಂದದ್ದು.

ಬೀನ್ಸ್ ಬೀಜದ ಕಷ್ಟ ಬೇರೆ. ಒಣ ಬೀಜದ ಜೀವಕೋಶಗಳ ಪೊರೆಗಳು ಮಡಚಿಟ್ಟ ಹಾಳೆಯಂತೆ ಅಸ್ತವ್ಯಸ್ತವಾಗಿರುತ್ತವೆ. ನೀರು ಒಳಹೊಕ್ಕ ಮೊದಲ ಗಂಟೆಗಳಲ್ಲಿ ಅವು ಬಿಚ್ಚಿಕೊಂಡು ಮತ್ತೆ ಸರಿಯಾಗಿ ಹೊಂದಿಕೊಳ್ಳಬೇಕು. ಪೊರೆಯಲ್ಲಿರುವುದು ಕೊಬ್ಬಿನ ಜಾತಿಯ ಅಣುಗಳಾದ್ದರಿಂದ ಚಳಿಗೆ ಅವು ಹೆಪ್ಪುಗಟ್ಟಿದ ಎಣ್ಣೆಯಂತೆ ಬಿರುಸಾಗುತ್ತವೆ. ಪೊರೆ ಹೊಂದಿಕೊಳ್ಳುವ ಮುನ್ನವೇ ತಣ್ಣನೆಯ ನೀರು ನುಗ್ಗಿದರೆ ಒಳಗಿನ ಸಕ್ಕರೆ, ಅಮೈನೋ ಆಮ್ಲಗಳು ಹೊರಕ್ಕೆ ಸೋರುತ್ತವೆ. ಮಣ್ಣಿನಲ್ಲಿರುವ ಪೈಥಿಯಂನಂಥ ಕೊಳೆರೋಗದ ಜೀವಿಗಳಿಗೆ ಇದು ಕರೆದು ಬಡಿಸಿದ ಊಟ. ಬೀಜ ಕೊಳೆತದ್ದನ್ನು ಕಂಡು ಬೀಜವೇ ಕಳಪೆ ಎಂದು ಬೈಯುವವರು ಆ ದಿನ ಮಣ್ಣು ಎಷ್ಟು ತಣ್ಣಗಿತ್ತೆಂದು ನೋಡಿರುವುದಿಲ್ಲ.

ಗಾಳಿ ಬೆಚ್ಚಗಾದರೂ ಮಣ್ಣು ಹಿಂದುಳಿಯುತ್ತದೆ, ಅದರಲ್ಲೂ ಒದ್ದೆ ಮಣ್ಣು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಗ್ರಾಂ ಒಣ ಮಣ್ಣಿಗೆ ಬೇಕಾಗುವುದಕ್ಕಿಂತ ಸುಮಾರು ಐದರಷ್ಟು ಶಾಖ ಬೇಕು. ಮೇಲಿಂದ ಆವಿಯಾಗುವ ನೀರು ಇನ್ನಷ್ಟು ಶಾಖವನ್ನು ಒಯ್ಯುತ್ತದೆ. ನೀರು ಬಸಿದು ಹೋಗುವ ಏರುಮಡಿಗಳು ಬೇಗ ಹದಕ್ಕೆ ಬರುವ ಗುಟ್ಟು ಇದೇ. ಬೆಳಿಗ್ಗೆ, ಐದು ಸೆಂಟಿಮೀಟರ್ ಆಳದಲ್ಲಿ ಥರ್ಮಾಮೀಟರ್ ಚುಚ್ಚಿ ಒಂದು ವಾರ ಬರೆದಿಟ್ಟರೆ ಸಾಕು: 7 ಡಿಗ್ರಿ ದಾಟಿದರೆ ಬಟಾಣಿ, 16 ದಾಟಿದ ಮೇಲೆ ಬೀನ್ಸ್ ಮತ್ತು ಸೌತೆ.

ಮೊಳಕೆ ಮೇಲೆದ್ದ ಮೇಲೆ ಮಾತ್ರ ಈ ಥರ್ಮಾಮೀಟರ್ ಕಾಯಲಾರದು, ಏಕೆಂದರೆ ಎಲೆಯನ್ನು ಸುಡುವುದು ರಾತ್ರಿಯ ಹೆಪ್ಪುಮಂಜು. ಅದಕ್ಕೆಂದು ಪಟ್ಟಿಗಳಲ್ಲಿ ಕೊಡುವ ‘ಕಡೆಯ ಮಂಜಿನ ದಿನ’ ಸಾಮಾನ್ಯವಾಗಿ ಹಲವು ವರ್ಷಗಳ ಸರಾಸರಿ, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ವರ್ಷಗಳಲ್ಲಿ ಆ ದಿನ ಕಳೆದ ಮೇಲೂ ಮಂಜು ಬೀಳುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಸಸಿಗಳ ಮೇಲೊಂದು ಬಟ್ಟೆ ಹೊದಿಸಬೇಕಾಗುತ್ತದೆ.